ಲೈಟ್ ಡ್ಯೂಟಿ

1958ನೇ ಇಸವಿ ಏಪ್ರಿಲ್ 21, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಗುಟ್ಟಪಾಳ್ಯ ಪೊಲೀಸ್ ಠಾಣೆಗೆ ಬಂದ ಹೆಂಗಸು ತನ್ನ ಹೆಸರು ಕದಿರಮ್ಮ ಎಂದಳು. ಊರು ಬೇತಮಂಗಲದ ಕಡೆ, ವಯಸ್ಸು ಮೂವತ್ತೆರಡು ಇರಬಹುದು. ಗಂಡ ಪೆರುಮಾಳ್ ಪುರಸಭೆಯ ಕೆಲಸಗಾರ, ಮಾರ್ಚ್ ನಾಲ್ಕರಂದು ದೀಪದ ಕಂಬದ ಏಣಿಯಿಂದ ಬಿದ್ದು ತೀರಿಕೊಂಡಿದ್ದ. ಇಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಏಳು ವಾರದಿಂದ ಕಚೇರಿ ಕಚೇರಿ ಅಲೆದು ಅವಳಿಗೆ ಅದು ಬಾಯಿಪಾಠವಾಗಿತ್ತು.

"ದೂರು ಏನಮ್ಮ?" ಎಂದು ಕೇಳಿದರು ಇನ್ಸ್‌ಪೆಕ್ಟರ್ ಜಯರಾಮಪ್ಪ.

"ನನ್ ಗಂಡ ರಜಾ ಚೀಟಿಗೆ ಎಡಗೈ ಎಬ್ಬೆಟ್ಟು ಒತ್ತವ್ನೆ ಅಂತ ಬರ್ದವ್ರೆ ಸಾಮಿ."

"ಒತ್ತಿಲ್ಲವೇ?"

"ಅವ್ನಿಗೆ ಎಡಗೈ ಎಬ್ಬೆಟ್ಟೇ ಇರ್ಲಿಲ್ಲ. ಇಲ್ದಿರೋ ಬೆಟ್ನ ಎಂಗ್ ಒತ್ತಾನೆ?"

ಜಯರಾಮಪ್ಪ ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಅನೇಕ ದೂರು ಕೇಳಿದ್ದರು. ಕಣ್ಣೀರಿಲ್ಲದೆ, ಕೂಗಾಟವಿಲ್ಲದೆ, ಒಂದೇ ಪ್ರಶ್ನೆಯಲ್ಲಿ ಮುಗಿಯುವ ದೂರು ಅಪರೂಪ.

ಕದಿರಮ್ಮ ಸೆರಗಿನ ಗಂಟು ಬಿಚ್ಚಿ ಮಡಿಚಿದ ಕಾಗದವೊಂದನ್ನು ಮೇಜಿನ ಮೇಲಿಟ್ಟಳು. ಅದು ಅವಳ ಪರಿಹಾರದ ಅರ್ಜಿಗೆ ಪುರಸಭೆ ಕೊಟ್ಟ ಹಿಂಬರಹ. ಮೃತ ಪೆರುಮಾಳ್ 4-3-58ರಿಂದ 6-3-58ರವರೆಗೆ ರಜೆಯ ಮೇಲಿದ್ದು, ಸದರಿ ರಜಾ ಅರ್ಜಿಗೆ ತನ್ನ ಎಡಗೈ ಹೆಬ್ಬೆಟ್ಟಿನ ಗುರುತು ಹಾಕಿರುತ್ತಾನೆ. ಆದ್ದರಿಂದ ಇದು ಕೆಲಸದ ವೇಳೆಯ ಅಪಘಾತವಲ್ಲ, ಪರಿಹಾರದ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ವಾಸವಿರುವ ಪುರಸಭೆಯ ಲೈನ್ ಮನೆಯನ್ನು 30-4-58ರೊಳಗೆ ತೆರವು ಮಾಡತಕ್ಕದ್ದು. ಅಕ್ಷರ ದುಂಡಗಿತ್ತು, ಒಂದು ಒತ್ತೂ ತಪ್ಪಿರಲಿಲ್ಲ.

"ಇದನ್ನು ನಿನಗೆ ಓದಿ ಹೇಳಿದವರು ಯಾರು?"

"ಇಸ್ಕೂಲ್ ಮೇಷ್ಟ್ರು. ಎರಡ್ ದಪ ಓದಿಸ್ದೆ."

"ಬೆರಳು ಯಾವಾಗ ಹೋಯಿತು?"

"ಓದ ನವೆಂಬರ್ನಾಗೆ. ಆವಾಗ ನೀರಿನ್ ಕಡೆ ಕೆಲ್ಸ. ಪಂಪ್‌ಹೌಸಿನ ಬೆಲ್ಟಿಗೆ ಕೈ ಸಿಕ್ಕಾಕೊಂತು. ಎಬ್ಬೆಟ್ಟು ಆಸ್ಪತ್ರೇಲಿ ತೆಗುದ್ರು. ಮಿಕ್ಕಿದ್ದೂ ಸರಿಯಾಗಿ ಮಡಚ್ತಿರ್ಲಿಲ್ಲ. ಆಮ್ಯಾಕೆ ದೀಪಕ್ಕೆ ಆಕುದ್ರು."

"ಕೈ ಸರಿಯಿಲ್ಲದವನನ್ನು ಏಣಿ ಹತ್ತೋ ಕೆಲಸಕ್ಕೆ ಹಾಕಿದರೇ?"

"ಆಕುದ್ರು ಸಾಮಿ," ಎಂದಳು ಕದಿರಮ್ಮ. "ಮನೆ ಓದ್ರೆ ಎಳ್ಡು ಎಣ್ಣು ಮಕ್ಳನ್ನ ಎತ್ತಿಕೊಂಡು ಎಲ್ಲಿಗೋಗ್ಲಿ?" ಎಂದು ಸೇರಿಸಿದಳು. ಅದನ್ನೂ ಅವಳು ಬಸ್ಸಿನ ವೇಳೆ ಕೇಳುವಂತೆಯೇ ಕೇಳಿದಳು.

ಹತ್ತು ಐವತ್ತಕ್ಕೆ ಇಂಡಿಯನ್ ಪೀನಲ್ ಕೋಡಿನ 218 ಮತ್ತು 465ನೇ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಸರ್ಕಾರಿ ದಾಖಲೆ ತಪ್ಪಾಗಿ ಸೃಷ್ಟಿಸಿದ್ದು, ಖೋಟಾ ಕಾಗದ ಮಾಡಿದ್ದು. ಆರೋಪಿಯ ಹೆಸರಿನ ಮುಂದೆ 'ಗೊತ್ತಿಲ್ಲ' ಎಂದು ಬರೆಯಲಾಯಿತು.

ಅವಳು ಹೋದ ಮೇಲೆ ಜಯರಾಮಪ್ಪ ಮಾರ್ಚ್ ತಿಂಗಳ ಅಸಹಜ ಮರಣದ ಕಡತ ತರಿಸಿದರು. ಎರಡೇ ಹಾಳೆ. ಸ್ಥಳ ಪಂಚನಾಮೆ ಮಾಡಿದ್ದು ದಫೇದಾರ್ ಆಂಜಿನಪ್ಪ. ಜೊತೆಯ ಕೆಲಸಗಾರ ಸೀನಪ್ಪನ ಹೇಳಿಕೆ: 'ಆ ದಿನ ಪೆರುಮಾಳನಿಗೆ ರಜೆ ಇತ್ತು. ಆದರೂ ನನ್ನ ಜೊತೆ ಬಂದು ಏಣಿ ಹತ್ತಿದ. ಕೈ ಜಾರಿ ಬಿದ್ದ.' ಕೆಳಗೆ 'ಆಕಸ್ಮಿಕ, ಮುಕ್ತಾಯ' ಎಂಬ ಷರಾ. ಅದರ ಕೆಳಗೆ ಜಯರಾಮಪ್ಪನವರದೇ ರುಜು. ಸತ್ತವನ ಕೈಯ ಬಗ್ಗೆ ಎರಡು ಹಾಳೆಯಲ್ಲಿ ಎಲ್ಲೂ ಒಂದು ಮಾತಿರಲಿಲ್ಲ. ಓದದೆ ರುಜು ಹಾಕಿದ್ದೆನೋ ಓದಿಯೂ ಹಾಕಿದ್ದೆನೋ ಅವರಿಗೆ ನೆನಪಾಗಲಿಲ್ಲ. ಯಾವುದಾಗಿದ್ದರೂ ನಾಚಿಕೆಯೇ.

"ಆಂಜಿನಪ್ಪ, ರಜೆಯಲ್ಲಿ ಇರೋನು ಏಣಿ ಯಾಕೆ ಹತ್ತಿದ ಅಂತ ಅವತ್ತು ಕೇಳಲಿಲ್ಲವೇನ್ರಿ?"

"ಸ್ನೇಹಕ್ಕೆ ಓಗಿರ್ಬೇಕು ಅನ್ಕೊಂಡೆ ಸಾರ್," ಎಂದ ದಫೇದಾರ.

ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರೂ ಪುರಸಭೆಗೆ ಹೋದರು. ಬಂಗಾರಪೇಟೆಯಿಂದ ಚಿನ್ನದ ಗಣಿಗೆ ಹೋಗುವ ರೈಲು ದಾರಿಯ ಪಕ್ಕದ ಗುಟ್ಟಪಾಳ್ಯ, ಪುರಸಭೆ ಇಟ್ಟುಕೊಳ್ಳುವಷ್ಟು ದೊಡ್ಡ ಊರು. ಎಲ್ಲ ಬೀದಿಗೂ ಕರೆಂಟು ಬರುವಷ್ಟು ದೊಡ್ಡದಲ್ಲ. ಸ್ಟೇಷನ್ ರಸ್ತೆಯಲ್ಲಿ ಒಂಬತ್ತು ವಿದ್ಯುತ್ ದೀಪ, ಉಳಿದ ಬೀದಿಗಳಲ್ಲಿ ನಲವತ್ತಾರು ಸೀಮೆಎಣ್ಣೆ ದೀಪದ ಕಂಬ. ಕಚೇರಿಯಲ್ಲಿ ಮುಖ್ಯಾಧಿಕಾರಿ, ಸಿಬ್ಬಂದಿ ಗುಮಾಸ್ತ, ಬಿಲ್ ಕಲೆಕ್ಟರ್ ಮತ್ತು ಜವಾನ. ನೌಕರರ ರಜೆ, ವರ್ಗ, ಗಾಯ, ಸಾವು ಇವೆಲ್ಲ ಸಿಬ್ಬಂದಿ ಗುಮಾಸ್ತ ಕೋದಂಡಪ್ಪನ ಬೀರುವಿನಲ್ಲಿ. ಮುಖ್ಯಾಧಿಕಾರಿಗೆ ವರ್ಗದ ಮೇಲೆ ಬಂದು ಆರು ತಿಂಗಳಾಗಿತ್ತು. ಕೋದಂಡಪ್ಪ ಮುಂದಿಟ್ಟದ್ದಕ್ಕೆ ರುಜು ಹಾಕುವುದನ್ನು ಅವರು ಆಡಳಿತ ಎಂದು ಕರೆಯುತ್ತಿದ್ದರು.

ಕೋದಂಡಪ್ಪನಿಗೆ ನಲವತ್ತೆಂಟು ವರ್ಷ. ಇಸ್ತ್ರಿ ಮಾಡಿದ ಕೋಟು, ಹಣೆಯಲ್ಲಿ ಗಂಧದ ಬೊಟ್ಟು. ರಜಾ ಅರ್ಜಿ ಕೇಳಿದ ಕೂಡಲೇ ತೆಗೆದುಕೊಟ್ಟ, ತಡವರಿಸಲಿಲ್ಲ.

"ಇದನ್ನು ಬರೆದಿದ್ದು?"

"ನಾನೇ ಸಾರ್. ಅವರಿಗೆ ಬರೆಯೋಕೆ ಬರಲ್ಲ. ಬಂದು ಹೇಳ್ತಾರೆ, ನಾವು ಬರ್ಕೊಡ್ತೀವಿ. ಬೇತಮಂಗಲದಲ್ಲಿ ನೆಂಟರ ಮದುವೆ ಇದೆ, ಮೂರು ದಿನ ಬೇಕು ಅಂದ."

"ಹೆಬ್ಬೆಟ್ಟು ನಿಮ್ಮೆದುರಿಗೆ ಒತ್ತಿದನೇ?"

"ಹೌದು ಸಾರ್. ಮಾರ್ಚ್ ಮೂರು, ಬೆಳಿಗ್ಗೆ."

"ಯಾವ ಕೈಯದು?"

ಕೋದಂಡಪ್ಪ ಮುಗುಳ್ನಕ್ಕ. "ಎಡಗೈದೇ ಸಾರ್. ಗಂಡಸರದು ಎಡಗೈ ತಾನೇ ತಗೊಳೋದು?"

ಜಯರಾಮಪ್ಪ ಹತ್ತಿರದ ಅಂಗಡಿಯಿಂದ ಇಬ್ಬರು ಪಂಚರನ್ನು ಕರೆಸಿ ಅರ್ಜಿ, ಹಾಜರಿ ಪುಸ್ತಕ, ಟಪ್ಪಾಲು ಪುಸ್ತಕ ಮೂರನ್ನೂ ಪಂಚನಾಮೆ ಬರೆಸಿ ವಶಕ್ಕೆ ತೆಗೆದುಕೊಂಡರು. ಹಾಜರಿ ಪುಸ್ತಕದಲ್ಲಿ ಪೆರುಮಾಳನ ಹೆಸರಿನ ಮುಂದೆ ಮಾರ್ಚ್ ನಾಲ್ಕರ ಮನೆಯಲ್ಲಿ 'ರ' ಎಂದಿತ್ತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅಲ್ಲಿ ಕಾಗದ ತೆಳ್ಳಗಾಗಿತ್ತು. ಬ್ಲೇಡಿನಿಂದ ಹೆರೆದ 'ಹಾ'ದ ಇಳಿ ಇನ್ನೂ ಕಾಣುತ್ತಿತ್ತು. ಟಪ್ಪಾಲು ಪುಸ್ತಕದಲ್ಲಿ ಮಾರ್ಚ್ ಮೂರರಂದು 112 ಆದ ಮೇಲೆ 113 ಬರಬೇಕು. ನಡುವೆ ಸಣ್ಣ ಅಕ್ಷರದಲ್ಲಿ 112ಅ ಎಂದು ತುರುಕಲಾಗಿತ್ತು. ಅದೇ ರಜಾ ಅರ್ಜಿಯ ನಂಬರು.

ಹೆಜ್ಜೆಗೊಂದು ಗುರುತು ಬಿಟ್ಟು ಹೋಗಿದ್ದಾನೆ ಎಂದುಕೊಂಡರು ಜಯರಾಮಪ್ಪ. ಕಳ್ಳತನ ಅಭ್ಯಾಸವಿಲ್ಲದವರು ಹೀಗೆಯೇ ಮಾಡುತ್ತಾರೆ. ಆದರೆ ಯಾಕೆ ಮಾಡಿದ? ಪರಿಹಾರ ಕೊಡುವುದು ಪುರಸಭೆ, ಗುಮಾಸ್ತನ ಜೇಬಿನಿಂದ ಏನೂ ಹೋಗುವುದಿಲ್ಲ. ಇಷ್ಟೊಂದು ಪಾಡು ಪಡುವುದಕ್ಕೆ ಕಾರಣ ಕಾಣಲಿಲ್ಲ.

ಪೆರುಮಾಳನ ಹೆಸರಿನ ಕಡತವನ್ನೂ ನೋಡಿದರು. ಅದರಲ್ಲಿ ಫೆಬ್ರವರಿ ಹತ್ತರ ಆಫೀಸ್ ಆರ್ಡರ್ ಇತ್ತು: 'ನೀರು ವಿಭಾಗದ ಪೆರುಮಾಳ್ ಗಾಯದ ರಜೆ ಮುಗಿಸಿ ಹಾಜರಾಗಿದ್ದು, ಡಾಕ್ಟರ ಸಲಹೆಯಂತೆ ಸದರಿಯವನನ್ನು ಆರು ತಿಂಗಳ ಅವಧಿಗೆ ಲೈಟ್ ಡ್ಯೂಟಿಗೆ, ಅಂದರೆ ದೀಪ ವಿಭಾಗಕ್ಕೆ, ನೇಮಿಸಿದೆ.' ಆರ್ಡರಿನ ಹಿಂದೆ ಇರಬೇಕಾದ ಡಾಕ್ಟರ ಸರ್ಟಿಫಿಕೇಟ್ ಇರಲಿಲ್ಲ. ಪುಟಸಂಖ್ಯೆ ಏಳರಿಂದ ಒಂಬತ್ತಕ್ಕೆ ಹಾರಿತ್ತು.

ಜಯರಾಮಪ್ಪ ಆ ಆರ್ಡರನ್ನು ಮೂರು ಸಲ ಓದಿದರು. ಆಮೇಲೆ ಕೋದಂಡಪ್ಪನ ಕಡೆ ನೋಡಿದರು. ಅವನು ಬೀರುವಿನ ಬೀಗ ಹಾಕುತ್ತಿದ್ದ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸೀನಪ್ಪ ಪೇಟೆ ಬೀದಿಯ ಹದಿನೇಳನೇ ಕಂಬದ ಬುಡದಲ್ಲಿ ಸಿಕ್ಕಿದ. ಪೆರುಮಾಳ್ ಬಿದ್ದಿದ್ದು ಅದೇ ಕಂಬದಿಂದ. ಸೀನಪ್ಪ ಬೂದಿ ಹಚ್ಚಿದ ಬಟ್ಟೆಯಿಂದ ದೀಪದ ಗಾಜು ತಿಕ್ಕುತ್ತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ, ಗಾಜನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡ.

"ಪೆರುಮಾಳ್ ಅವತ್ತು ರಜೆಯಲ್ಲಿದ್ದನೇ?"

"ಇಲ್ಲ ಸಾಮಿ, ಕೆಲ್ಸಕ್ ಬಂದಿದ್ದ."

"ರಜ ಇತ್ತು ಅಂತ ಈ ದಫೇದಾರರ ಹತ್ತಿರ ಹೇಳಿದ್ದೀಯಲ್ಲ?"

ಸೀನಪ್ಪ ಕಕ್ಕಾಬಿಕ್ಕಿಯಾದ. "ರಜ ಇದ್ದದ್ದು ದೀಪಕ್ಕೆ ಸಾಮಿ! ಮಾರ್ನೆ ದಿನ ಉಣ್ಣಿಮೆ. ಉಣ್ಣಿಮೆ ಇಂದಲ ದಿನ, ಉಣ್ಣಿಮೆ ದಿನ, ಮುಂದಲ ದಿನ, ಈ ಮೂರು ದಿನ ಬೆಳುದಿಂಗ್ಳು ಇರ್ತೈತೆ ಅಂತ ಬೀದಿ ದೀಪ ಅಚ್ಚಲ್ಲ. ಎಣ್ಣೆ ಉಳೀಲಿ ಅಂತ. ನಾವು ದೀಪದ ರಜ ಅಂತೀವಿ. ಆ ಮೂರು ದಿನ ಅಗಲೊತ್ನಾಗೆ ಗಾಜು ತಿಕ್ಕೋದು, ಬತ್ತಿ ಬದ್ಲಾಯ್ಸೋದು. ಆಳಿಗೆ ರಜ ಇಲ್ಲ."

ಆಂಜಿನಪ್ಪ ನೆಲ ನೋಡಿದ. ಅವನು ಕೇಳಿಸಿಕೊಂಡದ್ದು 'ರಜ' ಒಂದೇ ಮಾತು. ದೀಪಕ್ಕೆ ಸಿಕ್ಕಿದ್ದ ರಜೆಯನ್ನು ಆಳಿನ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಂಡಿದ್ದ.

"ಬೇತಮಂಗಲದ ಮದುವೆಗೆ ಅಂತ ಆ ಮೂರು ದಿನಕ್ಕೆ ಅವನು ರಜೆ ಕೇಳಿರಬಹುದೇ?"

"ಯಾರ್ ಕೇಳ್ತಾರೆ ಸಾಮಿ? ತಿಂಗ್ಳಲ್ಲಿ ಅದೇ ಮೂರ್ ದಿನ ನಮ್ಗೆ ಸಲೀಸು. ರಜ ಬೇಕಾದ್ರೆ ಅಮಾಸೆ ಕಡೆ ಆಕ್ಕೊಂತೀವಿ. ದೀಪದೋರು ಉಣ್ಣಿಮೇಲಿ ರಜ ಆಕಿದ್ದು ನಾನಂತೂ ಕಂಡಿಲ್ಲ."

"ಅವತ್ತು ಎಷ್ಟು ಹೊತ್ತಿಗೆ ಬಿದ್ದ?"

"ಮೂರೂವರೆ ಗಂಟೆ. ನಾನು ಏಣಿ ಇಡ್ಕೊಂಡಿದ್ದೆ. ಬಲಗೈನಾಗೆ ಗಾಜು, ಎಡಗೈನಾಗೆ ಏಣಿ. ಆ ಕೈ ಇಡಿತಾನೇ ಇರ್ಲಿಲ್ಲ. ಗಾಜು ಬಿಟ್ಟಿದ್ರೆ ಬದುಕ್ತಿದ್ದ. ಗಾಜು ಒಡುದ್ರೆ ಸಂಬ್ಳದಾಗೆ ಮುರ್ಕೊಂತಾರೆ ಅಂತ ಬಿಡ್ಲಿಲ್ಲ." ಸೀನಪ್ಪ ಕೈಯಲ್ಲಿದ್ದ ಗಾಜನ್ನು ಮೆಲ್ಲಗೆ ನೆಲಕ್ಕಿಟ್ಟ. "ಮಕ ಕೆಳಗಾಗಿ ಬಿದ್ದ. ಗಾಜು ಒಡೀಲಿಲ್ಲ."

ಬೀದಿಯಲ್ಲಿ ಎತ್ತಿನಗಾಡಿಯೊಂದು ಹಾದುಹೋಯಿತು.

"ಈ ಕೆಲಸ ಆಗಲ್ಲ ಅಂತ ಅವನು ಯಾರಿಗೂ ಹೇಳಲಿಲ್ಲವೇ?"

"ಡಾಕ್ಟ್ರೇ ಬರ್ದವ್ರಂತೆ ಅಂದ್ರು, ಇನ್ಯಾರಿಗ್ ಯೇಳೋದು? ಆದ್ರೂ ಆರ್ಡ್ರು ಕೊಟ್ಟ ದಿನ ಗುಮಾಸ್ತ್ರತ್ರ ಒಳಕ್ಕೋದ. ಏನೋ ಯೇಳೋಕ್ಕೋಗಿ ಬೈಸ್ಕೊಂಡು ಈಚಿಗ್ ಬಂದ. ಏನ್ಲಾ ಅಂದ್ರೆ ಏನಿಲ್ಲ ಬಿಡು ಅಂದ."

ಅಲ್ಲಿಂದ ಇಬ್ಬರೂ ಪುರಸಭೆಯ ಉಗ್ರಾಣಕ್ಕೆ ಹೋದರು. ಉಗ್ರಾಣದ ಪುಸ್ತಕದಲ್ಲಿ ಮಾರ್ಚ್ ನಾಲ್ಕರ ಬೆಳಿಗ್ಗೆ ಎಂಟೂವರೆಗೆ ಪೆರುಮಾಳನಿಗೆ ಎರಡು ಗಾಜು, ಒಂದು ಮೊಳ ಬತ್ತಿ, ಒಂದು ಹಿಡಿ ಹಳೇ ಬಟ್ಟೆ ಕೊಟ್ಟದ್ದು ದಾಖಲಾಗಿತ್ತು. ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ಅದರ ಕೆಳಗೆ ಉಗ್ರಾಣದವನು ಸೊಟ್ಟ ಅಕ್ಷರದಲ್ಲಿ ಬರೆದಿದ್ದ: 'ಬಲಗೈದು. ಎಡಗೈಗೆ ಬೆರಳಿಲ್ಲ.'

ಸತ್ತ ದಿನ ಪೆರುಮಾಳ್ ಕೆಲಸದಲ್ಲಿದ್ದ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ. ಎಡ ಹೆಬ್ಬೆಟ್ಟು ಯಾರದು ಎಂಬುದೊಂದು ಉಳಿಯಿತು. ಏಪ್ರಿಲ್ 23, ಬುಧವಾರ ಹತ್ತೂವರೆಗೆ ಪುರಸಭೆ ಕಚೇರಿಯ ನಾಲ್ವರ ಬೆರಳಚ್ಚನ್ನೂ ತೆಗೆದುಕೊಂಡರು. ಬಿಲ್ ಕಲೆಕ್ಟರ್ ಗೊಣಗಿದ, ಜವಾನ ಹೆದರಿದ, ಮುಖ್ಯಾಧಿಕಾರಿ ತಮ್ಮ ಸ್ಥಾನಮಾನ ನೆನಪಿಸಿದರು. ಕೋದಂಡಪ್ಪ ಮಾತ್ರ ಬೆರಳನ್ನು ತಾನೇ ಒತ್ತಿ, ತಾನೇ ಒರೆಸಿಕೊಂಡು, ಅಭ್ಯಾಸಬಲದಿಂದ ಪೆನ್ನು ತೆಗೆದು ಗುರುತಿನ ಕೆಳಗೆ 'ಎಡಗೈ ಹೆಬ್ಬೆಟ್ಟು' ಎಂದು ಬರೆಯಲು ಹೊರಟ. ಆಂಜಿನಪ್ಪ ಕಾಗದ ಎಳೆದುಕೊಂಡ.

"ಒಂದು ವಿಷಯ ಕೋದಂಡಪ್ಪನವರೇ," ಎಂದರು ಜಯರಾಮಪ್ಪ. "ಪೆರುಮಾಳನ ಯಾವ ಕೈಗೆ ಗಾಯವಾಗಿತ್ತು?"

"ಅದು... ಯಾವಾಗಲೂ ಟವಲ್ ಸುತ್ತಿಕೊಂಡಿರ್ತಿದ್ದ ಸಾರ್."

"ಯಾವ ಕೈಗೆ?"

ಕೋದಂಡಪ್ಪ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಅವನು ಸುಳ್ಳು ಹುಡುಕುತ್ತಿರಲಿಲ್ಲ, ನೆನಪಿಸಿಕೊಳ್ಳಲು ನೋಡುತ್ತಿದ್ದ. ಎರಡು ವರ್ಷ ಕೈಕೆಳಗೆ ದುಡಿದವನ ಕೈಯನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಜಯರಾಮಪ್ಪನವರಿಗೆ ಸಿಟ್ಟು ಬಂತು. ಆದರೆ ಪಂಚನಾಮೆ ಬರೆಯುವಾಗ ತಮ್ಮ ಠಾಣೆಯವರೂ ಆ ಕೈಯನ್ನು ನೋಡಿರಲಿಲ್ಲ ಎಂಬುದು ನೆನಪಾಗಿ ಆ ಸಿಟ್ಟು ಹೋಗುವ ದಾರಿ ಕಾಣದೆ ಅಲ್ಲೇ ಉಳಿಯಿತು.

ಮಧ್ಯಾಹ್ನದ ಗಾಡಿಗೆ ಒಬ್ಬ ಕಾನ್‌ಸ್ಟೇಬಲ್ ಬೆರಳಚ್ಚಿನ ಲಕೋಟೆ ಹಿಡಿದು ಬಂಗಾರಪೇಟೆಗೆ, ಅಲ್ಲಿಂದ ಬೆಂಗಳೂರಿಗೆ ಹೊರಟ. ಅದೇ ಗಾಡಿಯಲ್ಲಿ ಜಯರಾಮಪ್ಪನವರೂ ಬಂಗಾರಪೇಟೆಯವರೆಗೆ ಹೋದರು. ಪೆರುಮಾಳನಿಗೆ ಚಿಕಿತ್ಸೆ ಮಾಡಿದ ಡಾಕ್ಟರು ಅಲ್ಲಿದ್ದರು. ಸರ್ಟಿಫಿಕೇಟ್ ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ನಕಲಿನ ಅರ್ಧ ಅವರ ಬಳಿ ಇತ್ತು. ಇಂಗ್ಲಿಷಿನಲ್ಲಿ ಮೂರು ಸಾಲು. ಎಡಗೈ ಹೆಬ್ಬೆರಳು ತೆಗೆಯಲಾಗಿದೆ, ಹಿಡಿತ ದುರ್ಬಲ. ಆರು ತಿಂಗಳು ಲೈಟ್ ಡ್ಯೂಟಿ ಮಾತ್ರ.

"ಲೈಟ್ ಡ್ಯೂಟಿ ಅಂದರೆ ಯಾವ ಕೆಲಸ ಅಂತ ನಿಮ್ಮ ಮನಸ್ಸಿನಲ್ಲಿತ್ತು ಡಾಕ್ಟರೇ?"

"ಹಗುರದ್ದು ಯಾವುದಾದರೂ ಸರಿ. ಬಾಗಿಲು ಕಾಯೋದು, ಟಪ್ಪಾಲು ಒಯ್ಯೋದು. ಗಣಿಯ ಕಡೆ ಎಲ್ಲರಿಗೂ ಗೊತ್ತಿರೋ ಮಾತು ಇದು. ಯಾಕೆ?"

ಜಯರಾಮಪ್ಪ ಆಫೀಸ್ ಆರ್ಡರಿನ ನಕಲು ಕೊಟ್ಟರು. ಡಾಕ್ಟರು ಓದಿದರು. ನಗು ಬಂದಿತ್ತು. ಅರ್ಧಕ್ಕೆ ನಿಂತಿತು.

"ಅವನು ಈಗ ಹೇಗಿದ್ದಾನೆ?" ಎಂದು ಕೇಳಿದರು.

"ಇಲ್ಲ," ಎಂದರು ಜಯರಾಮಪ್ಪ.

ಏಪ್ರಿಲ್ 26, ಶನಿವಾರ ಹನ್ನೊಂದು ಗಂಟೆಗೆ ಬೆಂಗಳೂರಿನ ವರದಿ ಬಂತು. ರಜಾ ಅರ್ಜಿಯ ಮೇಲಿರುವುದು ಕೋದಂಡಪ್ಪನ ಎಡಗೈ ಹೆಬ್ಬೆಟ್ಟು. ಹನ್ನೊಂದು ನಲವತ್ತಕ್ಕೆ ಪುರಸಭೆಯಲ್ಲಿ ಅವನನ್ನು ದಸ್ತಗಿರಿ ಮಾಡಿದರು. ಅವನು ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ಮುಖ್ಯಾಧಿಕಾರಿಯ ಮೇಜಿನ ಮೇಲಿಟ್ಟು, ರಸೀದಿ ಬರೆಸಿಕೊಂಡ. ಬಾಗಿಲ ಬಳಿ ಮಾತ್ರ ನಿಂತು ಮೆಲುದನಿಯಲ್ಲಿ ಒಂದು ಮಾತು ಕೇಳಿದ.

"ಸಾರ್, ಆರೋಪ ಓದೋವಾಗ ಖೋಟಾ ಅರ್ಜಿ ಅಂತ ಓದಿ, ಪರವಾಗಿಲ್ಲ. ಆ ಲೈಟ್ ಡ್ಯೂಟಿ ವಿಷಯ ಈ ಕಚೇರಿಯವರೆದುರಿಗೆ ಓದಬೇಡಿ."

ಜಯರಾಮಪ್ಪನವರಿಗೆ ಕಾರಣ ಅಲ್ಲಿಯೇ ಅರ್ಧ ತಿಳಿಯಿತು.

ವಶಪಡಿಸಿಕೊಂಡ ಸಾಮಾನಿನಲ್ಲಿ ಅವನ ಮೇಜಿನ ಡ್ರಾಯರಿನ ಕಾಗದಗಳೂ ಇದ್ದವು. ಠಾಣೆಯಲ್ಲಿ ಅವನ್ನು ಎದುರಿಗಿಟ್ಟುಕೊಂಡೇ ಹೇಳಿಕೆ ಬರೆಸಿದರು. ಪ್ರಶ್ನೆ ಜಯರಾಮಪ್ಪನವರದು, ಬರವಣಿಗೆ ಆಂಜಿನಪ್ಪನದು.

"ಫೆಬ್ರವರಿ ಹತ್ತನೇ ತಾರೀಕು ಪೆರುಮಾಳ್ ನಿಮ್ಮ ಹತ್ತಿರ ಬಂದನೇ?"

"ಬಂದ."

"ಏನು ಹೇಳಿದ?"

"ಅಯ್ಯಾ, ಲೈಟ್ ಡ್ಯೂಟಿ ಅಂದ್ರೆ ದೀಪದ ಕೆಲಸ ಅಲ್ಲ ಅಂದ. ಊರಿಗಾಂ ಗಣೀಲಿ ಇದ್ದಾಗ ಎರಡು ಸಲ ನಂಗೆ ಕೊಟ್ಟಿದ್ರು, ಕಷ್ಟ ಇಲ್ಲದ ಕೆಲಸ ಅಂತ ಅರ್ಥ ಅಂದ."

"ಆಗ ಯಾರಿದ್ದರು?"

"ಬಿಲ್ ಕಲೆಕ್ಟರ್ ಇದ್ದ. ಜವಾನ ಇದ್ದ. ಬಿಲ್ ಕಲೆಕ್ಟರ್ ನಕ್ಕ."

"ಯಾರನ್ನು ನೋಡಿ?"

"ಗೊತ್ತಿಲ್ಲ. ಪೆರುಮಾಳನ್ನ ನೋಡಿ ನಕ್ಕಿರಬಹುದು. ನನಗೆ ನನ್ನನ್ನ ನೋಡಿ ನಕ್ಕ ಹಾಗಾಯ್ತು."

"ನೀವು ಏನಂದಿರಿ?"

"ಹೆಬ್ಬೆಟ್ಟಿನವನು ನನಗೆ ಇಂಗ್ಲಿಷ್ ಹೇಳ್ಕೊಡ್ತೀಯೇನೋ, ಆಚೆ ಹೋಗು ಅಂದೆ."

ಆಂಜಿನಪ್ಪನ ಪೆನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು.

ಕೋದಂಡಪ್ಪ ಆ ಕಚೇರಿಗೆ ಸೇರಿದ್ದು 1940ರಲ್ಲಿ, ಜವಾನನಾಗಿ. ಕನ್ನಡ ಲೋವರ್ ಸೆಕೆಂಡರಿ ಪಾಸಾಗಿದ್ದ, ಅಕ್ಷರ ಮುದ್ದಾಗಿತ್ತು, ಅದಕ್ಕೇ ಗುಮಾಸ್ತನಾದ. ಇಂಗ್ಲಿಷ್ ಕಲಿತದ್ದು ಫಾರಂಗಳ ತಲೆಬರಹ ನೋಡಿ. ಹದಿನೆಂಟು ವರ್ಷದಲ್ಲಿ ಇದು ಯಾರಿಗೂ ಗೊತ್ತಾಗದಂತೆ ನೋಡಿಕೊಂಡಿದ್ದ. ಇಂಗ್ಲಿಷ್ ಕಾಗದ ಬಂದರೆ ಮೊದಲು ಮನೆಗೆ ಒಯ್ಯುತ್ತಿದ್ದ, ಮರುದಿನ ಉತ್ತರ ಬರೆಯುತ್ತಿದ್ದ. ಪೆರುಮಾಳನ ಸರ್ಟಿಫಿಕೇಟ್ ಮಾತ್ರ ಒಯ್ದಿರಲಿಲ್ಲ. ಮೂರೇ ಸಾಲಿತ್ತು. ಎರಡು ಪದ ಚೆನ್ನಾಗಿ ಗೊತ್ತಿದ್ದವು. ಲೈಟು, ಡ್ಯೂಟಿ.

"ಅವನು ಹೇಳಿದ್ದು ಸರಿ ಅಂತ ನಿಮಗೆ ಯಾವಾಗ ತಿಳಿಯಿತು?"

"ಅವತ್ತೇ ಸಾಯಂಕಾಲ. ಮೇಷ್ಟ್ರ ಮನೆಗೆ ಹೋಗಿ ನಿಘಂಟು ಈಸ್ಕೊಂಡು ನೋಡ್ದೆ. ಮೊದಲ ಅರ್ಥ ಬೆಳಕು ಅಂತಾನೇ ಇತ್ತು. ಸ್ವಲ್ಪ ಸಮಾಧಾನ ಆಯ್ತು. ಕೆಳಗೆ ಇನ್ನೊಂದು ಅರ್ಥ ಇತ್ತು."

"ಮರುದಿನ ಯಾಕೆ ಆರ್ಡರ್ ಬದಲಾಯಿಸಲಿಲ್ಲ?"

"ಮರುದಿನವೇ ಬದಲಾಯಿಸಿದ್ರೆ ಅವನು ಹೇಳಿದ್ದಕ್ಕೇ ಅಂತ ಎಲ್ಲರಿಗೂ ಗೊತ್ತಾಗ್ತಿತ್ತು ಸಾರ್. ಒಂದು ತಿಂಗಳು ಬಿಟ್ಟು, ಬೇರೆ ಏನಾದ್ರೂ ಕಾರಣ ಬರೆದು, ಕಚೇರಿ ಬಾಗಿಲಿಗೆ ಹಾಕೋಣ ಅಂತಿದ್ದೆ. ಸುಳ್ಳಲ್ಲ. ಕರಡು ಬರೆದಿಟ್ಟಿದ್ದೆ, ಆ ಕಾಗದದಲ್ಲೇ ಇದೆ ನೋಡಿ."

ಜಯರಾಮಪ್ಪ ಹುಡುಕಿ ತೆಗೆದರು. ಅದೇ ದುಂಡಗಿನ ಅಕ್ಷರ. 'ಕಚೇರಿಯ ಬಾಗಿಲಿಗೆ ಆಳು ಸಾಲದಿರುವುದರಿಂದ ದೀಪ ವಿಭಾಗದ ಪೆರುಮಾಳನನ್ನು ಈ ಕೂಡಲೇ...' ಜಾರಿಗೆ ಬರಬೇಕಾದ ತಾರೀಕು ಮಾರ್ಚ್ ಹತ್ತು. ಪೆರುಮಾಳ್ ಬಿದ್ದದ್ದು ಮಾರ್ಚ್ ನಾಲ್ಕು. ಆರು ದಿನ.

"ರಜಾ ಅರ್ಜಿ ಬರೆದದ್ದು ಯಾವಾಗ?"

"ಆರನೇ ತಾರೀಕು. ಸತ್ತ ಅಂತ ಗೊತ್ತಾದ ಮೇಲೆ ಏನು ಮಾಡಬೇಕು ಅಂತ ತೋಚಲಿಲ್ಲ. ವಿಚಾರಣೆ ಅಂತ ಬಂದ್ರೆ ಸರ್ಟಿಫಿಕೇಟ್ ಓದ್ತಾರೆ. ನಿಮ್ಮ ಠಾಣೆಯಿಂದ ಪಂಚನಾಮೆ ನಕಲು ಬಂತು. ಅದರಲ್ಲಿ 'ರಜೆ ಇತ್ತು' ಅಂತ ಇತ್ತು. ಅದನ್ನ ಓದಿದ ಮೇಲೆ ಹೊಳೀತು."

ಆಂಜಿನಪ್ಪ ತಲೆ ತಗ್ಗಿಸಿ ಅದನ್ನೂ ಬರೆದ. ತನ್ನದೇ ತಪ್ಪನ್ನು ತನ್ನದೇ ಕೈಯಲ್ಲಿ ಬರೆಯುವಾಗ ಅವನ ಕಿವಿ ಕೆಂಪಾಯಿತು. ಬರೆಯುವುದನ್ನು ನಿಲ್ಲಿಸಲಿಲ್ಲ.

"ಪರಿಹಾರ ಸಿಗದೆ, ಮನೆ ಹೋಗಿ, ಅವನ ಹೆಂಡತಿ ಮಕ್ಕಳು ಬೀದಿಗೆ ಬೀಳ್ತಾರೆ ಅಂತ ಅನ್ನಿಸಲಿಲ್ಲವೇ?"

"ಅನ್ನಿಸಿತು," ಎಂದ ಕೋದಂಡಪ್ಪ. "ಹಿಂಬರಹ ಬರೆಯೋವಾಗ ಅನ್ನಿಸಿತು. ಆದ್ರೆ ಆ ಪದ ಹೊರಗೆ ಬಂದ್ರೆ ಊರೆಲ್ಲ ನಗ್ತಿತ್ತು ಸಾರ್. ನನ್ನನ್ನ ಕಂಡಾಗಲೆಲ್ಲ ಲೈಟ್ ಡ್ಯೂಟಿ ಕೋದಂಡಪ್ಪ ಅಂತಿದ್ರು."

ಅವನು ಅಳಲಿಲ್ಲ. ಹೇಳಿಕೆಯನ್ನು ಓದಿಸಿಕೊಂಡು, ಎರಡು ಕಡೆ ದೀರ್ಘ ತಪ್ಪಿದೆ ಎಂದು ತೋರಿಸಿ, ತಿದ್ದಿಸಿ, ಕೆಳಗೆ ರುಜು ಹಾಕಿದ. ಅವನಿಗೆ ಜೈಲಿನ ಹೆದರಿಕೆ ಇದ್ದಂತೆ ಕಾಣಲಿಲ್ಲ. ಒಬ್ಬ ಬಿಲ್ ಕಲೆಕ್ಟರನ ನಗುವಿಗೆ ಹೆದರಿ ಅವನು ಇಪ್ಪತ್ತೆರಡು ದಿನ ಸುಮ್ಮನೆ ಕುಳಿತಿದ್ದ. ಆ ನಗು ಯಾರ ಮೇಲಿನದು ಎಂಬುದೂ ಅವನಿಗೆ ಖಚಿತವಿರಲಿಲ್ಲ. ಜಯರಾಮಪ್ಪ ಪ್ರಕರಣಕ್ಕೆ 304-ಎ ಸೇರಿಸಿದರು, ಅಜಾಗರೂಕತೆಯಿಂದ ಸಾವು. ಅಜಾಗರೂಕತೆ ಎಂಬ ಮಾತು ಇದಕ್ಕೆ ಸಾಲದು ಅನ್ನಿಸಿತು. ಕೋಡಿನಲ್ಲಿ ಅದಕ್ಕಿಂತ ಹತ್ತಿರದ ಮಾತು ಸಿಗಲಿಲ್ಲ.

ಏಪ್ರಿಲ್ 28, ಸೋಮವಾರ ಹನ್ನೊಂದು ಗಂಟೆಗೆ ಕದಿರಮ್ಮನನ್ನು ಮುಂದಿನ ಹೇಳಿಕೆಗೆ ಕರೆಸಿದರು. ಜಯರಾಮಪ್ಪ ಕುರ್ಚಿ ತೋರಿಸಿದರೂ ಅವಳು ಬೆಂಚಿನ ತುದಿಯಲ್ಲೇ ಕುಳಿತಳು. ಪುರಸಭೆ ಹಳೆಯ ಹಿಂಬರಹವನ್ನು ರದ್ದು ಮಾಡಿದೆ, ಪೆರುಮಾಳ್ ಕೆಲಸದಲ್ಲಿದ್ದಾಗಲೇ ಸತ್ತ ಎಂದು ಒಪ್ಪಿ ಕಾಗದವನ್ನು ಪರಿಹಾರದ ಕಮಿಷನರಿಗೆ ಕಳಿಸಿದೆ, ಅದು ತೀರ್ಮಾನವಾಗುವವರೆಗೆ ಮನೆ ಬಿಡಬೇಕಿಲ್ಲ ಎಂದು ಜಯರಾಮಪ್ಪ ನಿಧಾನವಾಗಿ ಹೇಳಿದರು. ಅವಳು ತಲೆಯಾಡಿಸಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಗುಮಾಸ್ತ ಒಪ್ಪಿಕೊಂಡದ್ದನ್ನು ಹೇಳಿದರು. ಪೆರುಮಾಳ್ ಒಳಗೆ ಹೋಗಿ ಹೇಳಿದ ಮಾತನ್ನೂ ಹೇಳಿದರು.

"ನನ್ ಗಂಡ ಯೇಳಿದ್ದು ಸರಿಯಾಗಿತ್ತಾ ಸಾಮಿ?"

"ಸರಿಯಾಗಿತ್ತಮ್ಮ. ಅವನು ಹೇಳಿದ್ದೇ ಸರಿ."

"ಗುಮಾಸ್ತ್ರಿಗೆ ಅದು ಯಾವತ್ ಗೊತ್ತಾಯ್ತು?"

"ಅವತ್ತೇ ಸಾಯಂಕಾಲ."

ಕದಿರಮ್ಮ ಬಾಗಿಲ ಕಡೆ ನೋಡಿದಳು.

"ಅವತ್ತು ಮನೇಗ್ ಬಂದು ನಂಗೂ ಯೇಳ್ದ," ಎಂದಳು. "ಅವ್ರಿಗೆ ಗೊತ್ತಿಲ್ಲ ಕಣೇ, ನಾಳೆ ದೊಡ್ ಸಾಯೇಬ್ರತ್ರಾನೇ ಓಗಿ ಯೇಳ್ತೀನಿ ಅಂದ. ನಾನೇ ಬ್ಯಾಡ ಅಂದೆ. ಅವ್ರು ಓದ್ದೋರು, ನಿಂಗಿಂತ ಅವ್ರಿಗ್ ಗೊತ್ತಿರಲ್ವಾ, ಇರೋ ಕೆಲ್ಸಾನೂ ಕಳ್ಕೊಂತೀಯ, ಬಾಯ್ ಮುಚ್ಕೊಂಡು ಮಾಡು ಅಂದೆ. ಅಂಗೇ ಮಾಡ್ದ."

ಆಂಜಿನಪ್ಪ ಎದ್ದು ಹೊರಗೆ ಹೋದ. ಜಯರಾಮಪ್ಪ ತಾವೇ ಬರೆದುಕೊಳ್ಳುತ್ತಿದ್ದವರು ನಿಲ್ಲಿಸಿದರು.

"ಅದ್ನೂ ಬರ್ಕಳಿ ಸಾಮಿ."

"ಅದು ಬೇಡಮ್ಮ."

"ನಡ್ದಿದ್ದೆಲ್ಲ ಯೇಳ್ಬೇಕು ಅಂದ್ರಲ್ಲ. ಇದೂ ನಡ್ದೈತೆ. ಬರ್ಕಳಿ."

ಜಯರಾಮಪ್ಪ ಪೆನ್ನಿನ ಮುಚ್ಚಳ ಹಾಕಿದರು. ಕದಿರಮ್ಮ ಅದನ್ನು ನೋಡಿದಳು. ನೋಡಿಯೂ, ಅವರು ಬರೆಯುತ್ತಾರೆಂದು ಬೆಂಚಿನ ತುದಿಯಲ್ಲಿ ಕಾಯುತ್ತ ಕುಳಿತೇ ಇದ್ದಳು.